ಇಂಟರ್ನ್‌ಶಿಪ್ ಮುಗಿದ ಮೇಲೆ ಊರಿಗೆ ಏನು ಉಳೀತು?

ಎಂ.ಟೆಕ್ ಸೇರಿದ ಮೇಲೆ ಇಂಟರ್ನ್‌ಶಿಪ್ ಅಂದ್ರೆ ನಮ್ಮೆಲ್ಲರ ಕಣ್ಣು ಬೆಂಗಳೂರಿನ ಕಂಪನಿಗಳ ಮೇಲೆ. ಅಲ್ಲಿ ಸಿಗದಿದ್ರೆ ಮಾತ್ರ "ಯಾವುದಾದ್ರೂ ಎನ್‌ಜಿಒ ನೋಡೋಣ" ಅಂತೀವಿ. ಆದರೆ ಸ್ವಯಂಸೇವಾ ಸಂಸ್ಥೆಯ ಕೆಲಸ ಎಂಜಿನಿಯರಿಗೆ ಎರಡನೇ ದರ್ಜೆಯದಲ್ಲ. ಅದಕ್ಕೆ ಸಾಕ್ಷಿ ನಮ್ಮ ಹಾವೇರಿ ಜಿಲ್ಲೆಯಲ್ಲೇ ಇದೆ.

ಮೆಡ್ಲೇರಿಯ ಪಾಠ

ಎಸ್.ಆರ್. ಹಿರೇಮಠ ಓದಿದ್ದು ಎಂಜಿನಿಯರಿಂಗ್. ಅಮೆರಿಕದಲ್ಲಿದ್ದವರು 1979ರಲ್ಲಿ ಮರಳಿ ಬಂದು, ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಮೂಲಕ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸ ಶುರು ಮಾಡಿದರು. ಮುಂದೆ ಅವರ ಸಮಾಜ ಪರಿವರ್ತನ ಸಮುದಾಯ, ಹಳ್ಳಿಗಳ ಸಾಮೂಹಿಕ ಭೂಮಿಯನ್ನು ನೀಲಗಿರಿ ನೆಡುತೋಪಿಗೆ ಕೊಟ್ಟದ್ದರ ವಿರುದ್ಧ ಹೋರಾಡಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ–ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೋರ್ಟಿನಲ್ಲಿ ಘೋಷಣೆ ನಡೆಯೋದಿಲ್ಲ. ಯಾವ ಭೂಮಿ, ಎಷ್ಟು, ಯಾರ ಹಕ್ಕು ಅನ್ನೋ ದಾಖಲೆ ಬೇಕು. ಅಳೆಯೋದು, ಬರೆದಿಡೋದು ನಾವು ದಿನಾ ಲ್ಯಾಬಿನಲ್ಲಿ ಕಲಿಯೋ ವಿದ್ಯೆ.

ಪ್ರಶ್ನೆಗಳು ಹತ್ತಿರದಲ್ಲೇ ಇವೆ

ಬ್ಯಾಡಗಿ ನೋಡಿ. ಇಲ್ಲಿಯ ಡಬ್ಬಿ, ಕಡ್ಡಿ ಮೆಣಸಿನಕಾಯಿಗೆ ಬೆಲೆ ಬರೋದು ಖಾರಕ್ಕಿಂತ ಬಣ್ಣಕ್ಕೆ. 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಕಾಯಿ ಒಣಗೋದು ಮಾತ್ರ ಇವತ್ತಿಗೂ ಹೆಚ್ಚಾಗಿ ಕಣದಲ್ಲಿ, ಬಿಸಿಲಿಗೆ. ಅಕಾಲದಲ್ಲಿ ಮಳೆ ಬಂದ್ರೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ದರ ಅಂದ್ರೆ ರೈತರಿಗೆ ಏನು ಅನ್ನೋದನ್ನ 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿ ಕಂಡಿತು: ದರ ಕುಸಿದ ಸಿಟ್ಟಿಗೆ ವಾಹನಗಳು ಸುಟ್ಟವು. ಆ ದರವನ್ನು ಒಬ್ಬ ಇಂಟರ್ನ್ ಸರಿಮಾಡಲಾರ. ಆದರೆ ನೆಲದ ಮೇಲೆ, ತಾಡಪತ್ರಿ ಮೇಲೆ, ಸೋಲಾರ್ ಡ್ರೈಯರ್‌ನಲ್ಲಿ ಒಣಗಿಸಿದ ಕಾಯಿಯ ತೇವಾಂಶ, ತಗಲುವ ದಿನ, ಖರ್ಚು ಅಳೆದು ಒಂದು ಪುಟದಲ್ಲಿ ಕೊಡಬಹುದು.

ರಾಣೆಬೆನ್ನೂರಿನ ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳು ಬಗ್ಗಿ ನಿಂತು ಕ್ರಾಸಿಂಗ್ ಮಾಡ್ತಾರೆ. ಅವರ ಬೆನ್ನು, ಕಣ್ಣಿಗೆ ಆಗೋ ತ್ರಾಸು ಕಡಿಮೆ ಮಾಡೋ ಸಲಕರಣೆ ಮೆಕ್ಯಾನಿಕಲ್‌ನವರ ಪ್ರಶ್ನೆ. ಹಾವೇರಿ ಸುತ್ತಲಿನ ಹಳ್ಳಿಗಳ ಶುದ್ಧ ನೀರಿನ ಘಟಕ ತಿಂಗಳಲ್ಲಿ ಎಷ್ಟು ದಿನ ನಡೀತದೆ, ಯಾಕೆ ನಿಲ್ತದೆ ಅನ್ನೋದು ಸಿವಿಲ್, ಎಲೆಕ್ಟ್ರಿಕಲ್ ಇಬ್ಬರದೂ.

ಹೋಗೋ ಮುಂಚೆ

1. ಸಂಸ್ಥೆಯನ್ನು ಮೂರು ಮಾತು ಕೇಳಿ: ನನ್ನ ಕೆಲಸ ಏನು? ಮಾರ್ಗದರ್ಶನ ಯಾರದು? ವರದಿಯನ್ನು ಯಾರು ಬಳಸ್ತಾರೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ರೆ ಬೇರೆ ಕಡೆ ನೋಡಿ.
2. ಮೊದಲ ವಾರ ಆ್ಯಪ್ ಬೇಡ, ಪರಿಹಾರ ಬೇಡ. ಕೇಳಿಸಿಕೊಳ್ಳಿ.
3. ಪ್ರಶ್ನೆ ಸಣ್ಣದಿರಲಿ, ಆರು ವಾರದಲ್ಲಿ ಮುಗಿಯುವಂತಿರಲಿ.
4. ಕೊನೆಯ ವಾರ ಹಸ್ತಾಂತರಕ್ಕೆ ಮೀಸಲು. ವರದಿ ಕನ್ನಡದಲ್ಲಿರಲಿ, ಸಂಖ್ಯೆಗಳನ್ನು ಕೊಟ್ಟವರ ಮುಂದೆಯೇ ಓದಿ ಹೇಳಿ.

ನಮ್ಮ ಸರ್ವೆಗೆ ಉತ್ತರ ಕೊಡೋ ರೈತ ಅರ್ಧ ದಿನದ ಕೆಲಸ ಬಿಟ್ಟು ಕೂತಿರ್ತಾನೆ. ನಮಗೆ ಸರ್ಟಿಫಿಕೇಟ್ ಸಿಕ್ಕು, ಅವನಿಗೆ ಏನೂ ಸಿಗದಿದ್ರೆ ಅದು ಅನುಭವ ಅಲ್ಲ, ಬರೀ ಸಾಲ. ಈ ರಜೆಯಲ್ಲಿ ಯಾರಾದ್ರೂ ಹೊರಟ್ರೆ, ಬಂದ ಮೇಲೆ ಆ ಒಂದು ಪುಟದ ವರದಿಯನ್ನು ನಮ್ಮ ಸಂಘಕ್ಕೂ ಕೊಡಿ. ಮುಂದಿನ ಬ್ಯಾಚಿನವರು ಅಲ್ಲಿಂದಲೇ ಕೆಲಸ ಮುಂದುವರಿಸಲಿ.