ಬೇಗ ಇಳಿದ ತೂಕ ಬೇಗ ಮರಳುವುದೇಕೆ?

ಮನೆಯಲ್ಲಿ ಮದುವೆ ಹತ್ತಿರ ಬಂದಾಗ, ಮೊಣಕಾಲು ನೋಯತೊಡಗಿದಾಗ ಅಥವಾ ವೈದ್ಯರು ರಕ್ತಪರೀಕ್ಷೆಯ ಚೀಟಿ ನೋಡಿ ತೂಕ ಇಳಿಸಬೇಕೆಂದು ಹೇಳಿದಾಗ ನಮ್ಮಲ್ಲಿ ಅನೇಕರು ಮೊದಲು ಹುಡುಕುವುದು ಅತಿ ಹತ್ತಿರದ ದಾರಿಯನ್ನು. ಒಬ್ಬರು ರಾತ್ರಿಯ ಊಟವನ್ನೇ ಬಿಡುತ್ತಾರೆ. ಮತ್ತೊಬ್ಬರು ಅನ್ನ, ರೊಟ್ಟಿ ಎರಡನ್ನೂ ತೊರೆದು ಹಣ್ಣಿನ ರಸದಲ್ಲಿಯೇ ದಿನ ಕಳೆಯುತ್ತಾರೆ. ಇನ್ನೊಬ್ಬರು ಜಾಹೀರಾತು ನೋಡಿ ಯಾವುದೋ ಪುಡಿಯನ್ನು ತರಿಸಿಕೊಳ್ಳುತ್ತಾರೆ. ಮೊದಲ ವಾರದಲ್ಲಿ ಎರಡು ಮೂರು ಕಿಲೋ ಇಳಿದು ಉತ್ಸಾಹ ಹೆಚ್ಚುತ್ತದೆ. ಆದರೆ ವರ್ಷ ತುಂಬುವುದರೊಳಗೆ ಹಳೆಯ ತೂಕ ಮರಳಿ ಬಂದಿರುತ್ತದೆ. ಕೆಲವರಲ್ಲಿ ಮೊದಲಿಗಿಂತ ಹೆಚ್ಚೂ ಆಗಿರುತ್ತದೆ. ಆಗ ಮನೆಯವರು ಬಾಯಿಚಪಲವೆಂದು ಹಂಗಿಸುತ್ತಾರೆ. ವ್ಯಕ್ತಿಯೂ ತನ್ನ ಮನಸ್ಸು ದುರ್ಬಲವೆಂದು ನಂಬಿ ಪ್ರಯತ್ನವನ್ನೇ ಕೈಬಿಡುತ್ತಾನೆ. ಈ ನಿರ್ಣಯ ನ್ಯಾಯವಾದುದಲ್ಲ. ಸೋಲಿನ ಮುಖ್ಯ ಕಾರಣ ಅವಸರದ ವಿಧಾನದಲ್ಲಿಯೇ ಅಡಗಿದೆ. ಅದನ್ನು ಅರಿತವರು ಅಂಥ ವಿಧಾನಗಳಿಗೆ ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುವುದಿಲ್ಲ.

ಮೊದಲ ವಾರದಲ್ಲಿ ಕರಗುವುದು ಯಾವುದು?

ನಾವು ಉಂಡ ಧಾನ್ಯದ ಪಿಷ್ಟವು ಸಕ್ಕರೆಯಾಗಿ ಪರಿವರ್ತನೆಗೊಂಡು, ಅದರ ಒಂದು ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗುತ್ತದೆ. ವಯಸ್ಕರಲ್ಲಿ ಈ ದಾಸ್ತಾನು ಒಟ್ಟು ಸುಮಾರು 500 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಬಿಟ್ಟಾಗ ದೇಹವು ಮೊದಲು ಖರ್ಚು ಮಾಡುವುದು ಈ ದಾಸ್ತಾನನ್ನೇ. ಅದರೊಡನೆ ನೀರೂ ಹೊರಹೋಗುವುದರಿಂದ ತೂಕ ತಟ್ಟನೆ ಇಳಿಯುತ್ತದೆ. ಮತ್ತೆ ಎರಡು ದಿನ ಸರಿಯಾಗಿ ಉಂಡರೆ ಆ ತೂಕ ಹಾಗೆಯೇ ಹಿಂದಿರುಗುತ್ತದೆ.

ಕೊಬ್ಬಿನ ಲೆಕ್ಕವೇ ಬೇರೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. ದಿನಕ್ಕೆ 2,000 ಕ್ಯಾಲೊರಿ ಬೇಕಾಗುವ ವ್ಯಕ್ತಿ ಏಳು ದಿನ ಏನನ್ನೂ ತಿನ್ನದೆ ಇದ್ದು, ಆ ಶಕ್ತಿಯೆಲ್ಲವೂ ಕೊಬ್ಬಿನಿಂದಲೇ ದೊರೆಯಿತೆಂದು ಭಾವಿಸಿದರೂ, ಕರಗುವ ಕೊಬ್ಬು ಎರಡು ಕಿಲೋ ಮುಟ್ಟುವುದಿಲ್ಲ. ಆದ್ದರಿಂದ ವಾರದಲ್ಲಿ ಐದು ಕಿಲೋ ಕೊಬ್ಬು ಕರಗಿಸುವೆವೆಂಬ ಜಾಹೀರಾತು ಎಷ್ಟು ಸತ್ಯವೆಂಬುದನ್ನು ಓದುಗರೇ ನಿರ್ಧರಿಸಬಹುದು.

ದೇಹವು ಇದನ್ನು ಬರಗಾಲವೆಂದು ತಿಳಿಯುತ್ತದೆ

ಮನುಕುಲವು ಇತಿಹಾಸದುದ್ದಕ್ಕೂ ಎದುರಿಸಿದ ಅಪಾಯ ಅತಿಯಾದ ಆಹಾರದ್ದಲ್ಲ, ಆಹಾರದ ಕೊರತೆಯದು. 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ, ಮೈಸೂರು ಸೀಮೆಗಳು ಅನುಭವಿಸಿದ ಯಾತನೆ ಬಹಳ ಹಿಂದಿನದೇನಲ್ಲ. ಇಂಥ ಬರಗಳನ್ನು ದಾಟಿ ಉಳಿಯಲು ಬೇಕಾದ ರಕ್ಷಣೋಪಾಯಗಳು ನಮ್ಮ ಶರೀರದಲ್ಲಿ ಹುಟ್ಟಿನಿಂದಲೇ ಇವೆ. ನಾವು ಸ್ವಇಚ್ಛೆಯಿಂದ ಊಟ ಬಿಟ್ಟಿದ್ದೇವೆಂಬುದು ಶರೀರಕ್ಕೆ ತಿಳಿಯದು. ಅದು ಬರ ಬಂದಿತೆಂದು ಭಾವಿಸಿ ಖರ್ಚನ್ನು ತಗ್ಗಿಸುತ್ತದೆ, ಹಸಿವನ್ನು ಹೆಚ್ಚಿಸುತ್ತದೆ.

ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಇದನ್ನು ಸೂಕ್ಷ್ಮವಾಗಿ ಅಭ್ಯಸಿಸಿದರು. ಆರೋಗ್ಯವಂತರಾದ 36 ಮಂದಿ ಯುವಕರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿ ಇದ್ದರು. ಅವರಿಗೆ ದೊರೆತದ್ದು ದಿನಕ್ಕೆ ಸುಮಾರು 1,600 ಕ್ಯಾಲೊರಿ. ಇಂದಿನ ಎಷ್ಟೋ ದಿಢೀರ್ ಪಥ್ಯಗಳು ಇದಕ್ಕಿಂತಲೂ ಕಡಿಮೆ ಆಹಾರವನ್ನು ಹೇಳುತ್ತವೆ. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಆದರೆ ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿ ಅದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಕುಗ್ಗಿತು. ಅವರಿಗೆ ಸದಾ ಚಳಿ, ಸಿಡುಕು, ನಿರುತ್ಸಾಹ. ಹಗಲಿರುಳು ಊಟದ್ದೇ ಧ್ಯಾನ. ಅಡುಗೆಯ ಪುಸ್ತಕಗಳನ್ನು ಓದುತ್ತ ಕೂಡುವವರೂ ಇದ್ದರು. ಪ್ರಯೋಗ ಮುಗಿದ ಮೇಲೆ ತಡೆಯಿಲ್ಲದೆ ಉಂಡಾಗ ಅವರ ದೇಹದ ಕೊಬ್ಬು ಮೊದಲಿದ್ದುದಕ್ಕಿಂತಲೂ ಹೆಚ್ಚಾಯಿತು. ಅವರ ಮನೋಬಲಕ್ಕೆ ಕೊರತೆಯಿರಲಿಲ್ಲ. ಯುದ್ಧಪೀಡಿತರಿಗೆ ನೆರವಾಗಲೆಂದೇ ಅವರು ಈ ಕಷ್ಟವನ್ನು ಒಪ್ಪಿಕೊಂಡಿದ್ದರು.

ಈಚಿನ ಉದಾಹರಣೆಯೂ ಇದೆ. ಅಮೆರಿಕದ ದೂರದರ್ಶನದಲ್ಲಿ ನಡೆದ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ಅನಂತರ ಪರೀಕ್ಷಿಸಿ, 2016ರಲ್ಲಿ ವರದಿ ಪ್ರಕಟಿಸಲಾಯಿತು. ಅವರು ಸರಾಸರಿ 58 ಕಿಲೋ ಇಳಿಸಿದ್ದರು. ಅದರಲ್ಲಿ 41 ಕಿಲೋ ಮರಳಿ ಬಂದಿತ್ತು. ಅವರ ದೇಹವು ಆ ತೂಕದವರಿಗೆ ಸಹಜವಾದ ಖರ್ಚಿಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು.

ಹಸಿವಿನ ಸಂಗತಿಯೂ ಹೀಗೆಯೇ. ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್ ಎಂಬ ರಸದೂತವು ದಾಸ್ತಾನು ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುತ್ತದೆ. ಜಠರದಿಂದ ಹೊರಡುವ ಗ್ರೆಲಿನ್ ಹಸಿವನ್ನು ಕೆರಳಿಸುತ್ತದೆ. ತೂಕ ಇಳಿದಾಗ ಮೊದಲನೆಯದು ತಗ್ಗಿ, ಎರಡನೆಯದು ಏರುತ್ತದೆ. ಹತ್ತು ವಾರ ಅತ್ಯಲ್ಪ ಆಹಾರದಿಂದ ತೂಕ ಇಳಿಸಿದ 50 ಮಂದಿಯನ್ನು ಆಸ್ಟ್ರೇಲಿಯಾದಲ್ಲಿ ಅಭ್ಯಸಿಸಿದಾಗ, ಒಂದು ವರ್ಷ ಕಳೆದರೂ ಈ ಏರುಪೇರು ಸರಿಹೋಗಿರಲಿಲ್ಲವೆಂದು 2011ರಲ್ಲಿ ತಿಳಿದುಬಂದಿತು.

ಸ್ನಾಯುವಿನ ನಷ್ಟ ಮತ್ತು ಇತರ ಅಪಾಯಗಳು

ಆಹಾರ ತೀರ ಕಡಿಮೆಯಾದಾಗ ದೇಹವು ಕೊಬ್ಬಿನೊಡನೆ ಸ್ನಾಯುವನ್ನೂ ಕರಗಿಸುತ್ತದೆ. ತೂಕ ಮರಳುವಾಗ ಕೊಬ್ಬು ಬೇಗ ತುಂಬಿಕೊಳ್ಳುತ್ತದೆ. ಸ್ನಾಯು ಅಷ್ಟು ಬೇಗ ಬೆಳೆಯದು. ಆದ್ದರಿಂದ ಪದೇ ಪದೇ ಇಳಿಸಿ ಏರಿಸಿಕೊಳ್ಳುವವರು ತೂಕ ಮೊದಲಿನಷ್ಟೇ ಇದ್ದರೂ ಬಲಹೀನರಾಗುತ್ತಾರೆ. ಅರವತ್ತು ದಾಟಿದವರಲ್ಲಿ ಇದು ಮೆಟ್ಟಿಲು ಹತ್ತಲಾಗದ, ಆಯತಪ್ಪಿ ಬೀಳುವ ಸ್ಥಿತಿಗೆ ಒಯ್ಯಬಹುದು.

ತೂಕ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವ ಹೆಚ್ಚು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆಗಳನ್ನು ಸೇವಿಸುವ ಮಧುಮೇಹಿಗಳು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ಗಿಡಮೂಲಿಕೆಯೆಂದು ಮಾರಾಟವಾಗುವ ಕೆಲವು ಪುಡಿ, ಗುಳಿಗೆಗಳಲ್ಲಿ ಸಿಬುಟ್ರಮಿನ್ ಎಂಬ ಔಷಧವನ್ನು ಗುಟ್ಟಾಗಿ ಬೆರೆಸಿದ್ದು ಅನೇಕ ದೇಶಗಳಲ್ಲಿ ಪತ್ತೆಯಾಗಿದೆ. ಹೃದಯಕ್ಕೆ ಹಾನಿಕರವಾದ ಈ ಔಷಧವನ್ನು ಭಾರತದಲ್ಲಿ 2011ರಲ್ಲಿಯೇ ನಿಷೇಧಿಸಲಾಗಿದೆ.

ನಿಧಾನದ ದಾರಿ

ಆರೋಗ್ಯಕ್ಕಾಗಿ ಬಹಳ ತೂಕ ಇಳಿಸಲೇಬೇಕೆಂದಿಲ್ಲ. ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರ ಗುರಿ ದೇಹತೂಕದ ಶೇ. 7ರಷ್ಟನ್ನು ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವುದು. ಇಷ್ಟರಿಂದಲೇ ಮಧುಮೇಹ ಬರುವ ಸಂಭವ ಶೇ. 58ರಷ್ಟು ತಗ್ಗಿತು. 2006ರಲ್ಲಿ ಪ್ರಕಟವಾದ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ಅಧ್ಯಯನದಲ್ಲಿ ತೂಕ ಹೆಚ್ಚೇನೂ ಇಳಿಯದಿದ್ದರೂ, ಊಟ ಮತ್ತು ನಡಿಗೆಯ ಸುಧಾರಣೆಯಿಂದ ಆ ಸಂಭವ ಶೇ. 28ರಷ್ಟು ಕಡಿಮೆಯಾಯಿತು. 80 ಕಿಲೋ ತೂಗುವವರು ಆರೆಂಟು ತಿಂಗಳಲ್ಲಿ ಐದಾರು ಕಿಲೋ ಇಳಿಸಿ ಉಳಿಸಿಕೊಂಡರೆ ಅದು ದೊಡ್ಡ ಲಾಭವೇ ಸರಿ.

ಇದಕ್ಕೆ ಮನೆಯ ಅಡುಗೆಯನ್ನು ತೊರೆಯಬೇಕಾಗಿಲ್ಲ. ದಿನಕ್ಕೆ ನಾಲ್ಕು ಬಾರಿ, ಪ್ರತಿ ಸಲ ಎರಡು ಚಮಚ ಸಕ್ಕರೆ ಬೆರೆಸಿದ ಚಹಾ ಕುಡಿಯುವವರಿಗೆ ಸಕ್ಕರೆಯೊಂದರಿಂದಲೇ ಸುಮಾರು 160 ಕ್ಯಾಲೊರಿ ಸೇರುತ್ತದೆ. ಒಂದು ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ. ಸಕ್ಕರೆಯನ್ನು ಅರ್ಧಕ್ಕಿಳಿಸಿ, ಒಗ್ಗರಣೆಯಲ್ಲಿ ಪ್ರತಿಯೊಬ್ಬರ ಪಾಲಿಗೆ ದಿನಕ್ಕೆ ಎರಡು ಚಮಚ ಎಣ್ಣೆ ಕಡಿಮೆ ಮಾಡಿದರೆ, ಹಸಿವೆಯ ಅರಿವಿಲ್ಲದೆ 170 ಕ್ಯಾಲೊರಿ ತಗ್ಗುತ್ತದೆ. ದೇಹವು ಇದನ್ನು ಬರವೆಂದು ಭಾವಿಸಿ ಗಾಬರಿಗೊಳ್ಳುವುದಿಲ್ಲ.

ಜೋಳದ ರೊಟ್ಟಿ, ರಾಗಿ ಮುದ್ದೆ, ಅನ್ನ ಯಾವುದಿದ್ದರೂ ಒಂದು ಪಾಲು ಕಡಿಮೆ ಮಾಡಿ, ಆ ಜಾಗಕ್ಕೆ ಹೆಸರುಕಾಳು, ಮಡಕಿಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ಬರಲಿ. ಕಾಳುಗಳ ಸಸಾರಜನಕ ಸ್ನಾಯುವನ್ನು ಕಾಯುತ್ತದೆ, ಹೊಟ್ಟೆಗೂ ನೆಮ್ಮದಿ ನೀಡುತ್ತದೆ. ಉಪವಾಸದ ದಿನ ಸಾಬೂದಾಣಿ ಖಿಚಡಿ, ಕರಿದ ತಿನಿಸುಗಳಿಗಿಂತ ಹಣ್ಣು, ಹಾಲು ಮೇಲು. ಪಂಕ್ತಿಯಲ್ಲಿ ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ನಮ್ಮ ಸಂಸ್ಕಾರ. ಅದನ್ನು ಪಾಲಿಸುತ್ತಲೇ ಮಿತವನ್ನೂ ಕಾಯಬಹುದು: ಬಡಿಸುವಾಗಲೇ ಕೈ ಅಡ್ಡ ಹಿಡಿದು ಸಾಕೆನ್ನಬೇಕು. ಮನೆಯಲ್ಲಿ ಬಡಿಸುವವರೂ ಅತಿಯಾಗಿ ಒತ್ತಾಯಿಸದಿರುವುದು ಒಂದು ಉಪಕಾರ.

ದಿನವೂ ಅರ್ಧ ಗಂಟೆ ಚುರುಕಾದ ನಡಿಗೆ, ಏಳು ಗಂಟೆಯ ನಿದ್ರೆ ಇದಕ್ಕೆ ಆಧಾರ. ವಾರಕ್ಕೊಮ್ಮೆ ಮಾತ್ರ, ಅದೇ ವೇಳೆಗೆ, ತೂಕ ನೋಡಿಕೊಳ್ಳಿರಿ. ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಳೆಯಿರಿ. ಭಾರತೀಯ ಪುರುಷರಲ್ಲಿ ಅದು 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಔಷಧ ಸೇವಿಸುವವರು ವೈದ್ಯರ ಸಲಹೆಯಿಲ್ಲದೆ ಯಾವ ಪಥ್ಯವನ್ನೂ ಕೈಗೊಳ್ಳಬಾರದು. ಯಾವುದೇ ಕ್ರಮವನ್ನು ಆರಂಭಿಸುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಇದನ್ನು ಮುಂದಿನ ಹತ್ತು ವರ್ಷ ಹೀಗೆಯೇ ನಡೆಸಿಕೊಂಡು ಹೋಗಬಲ್ಲೆನೆ? ಹೌದೆನ್ನುವಷ್ಟು ಸಣ್ಣ ಬದಲಾವಣೆಯನ್ನೇ ಆರಿಸಿಕೊಂಡು, ಅದು ರೂಢಿಯಾದ ಮೇಲೆ ಎರಡನೆಯದಕ್ಕೆ ತೊಡಗಬೇಕು.