ಪ್ಯಾಕೇಜ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ

‘ಫುಲ್ ಬಾಡಿ ಚೆಕಪ್, 80 ಟೆಸ್ಟು, ಅರ್ಧ ಬೆಲೆ, ಇವತ್ತೇ ಕಡೆ ದಿನ.’ ಇಂಥ ಮೆಸೇಜು ಬಾರದ ಮೊಬೈಲು ಈಗ ಅಪರೂಪ. ಬೆಳಿಗ್ಗೆ ಆರೂವರೆಗೆ ಮನೆ ಬಾಗಿಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಗೆ ವರದಿ ಕೈಯಲ್ಲಿರುತ್ತದೆ. ವಾಚು ಎದೆಬಡಿತ ಎಣಿಸುತ್ತದೆ, ತೋಳಿಗೆ ಅಂಟಿಸಿದ ಪುಟ್ಟ ಸೆನ್ಸರು ಹಗಲೂ ರಾತ್ರಿ ಶುಗರ್ ಅಳೆಯುತ್ತದೆ.

ಕಾಯಿಲೆ ಬರುವ ಮುಂಚೆಯೇ ಎಚ್ಚರ ಬೇಕು, ಅದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆದರೆ ಎಚ್ಚರದ ಹೆಸರಿನಲ್ಲಿ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಈ ಕ್ರಮದಲ್ಲಿ ಹೋಗಿ ನೋಡಿ.

ಮೊದಲು ಸೊಂಟ ಅಳೆಯಿರಿ

ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಅಳತೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರಿಕೆ.

ಸಕ್ಕರೆ ಕಾಯಿಲೆಯ ಅಪಾಯ ಎಷ್ಟೆಂದು ತಿಳಿಯಲು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ರೂಪಿಸಿದ ಅಂಕಪಟ್ಟಿಯೊಂದಿದೆ. ಅದಕ್ಕೆ ರಕ್ತವೇ ಬೇಕಿಲ್ಲ. ವಯಸ್ಸು, ಸೊಂಟ, ದೇಹಶ್ರಮ, ತಂದೆತಾಯಿಗೆ ಸಕ್ಕರೆ ಕಾಯಿಲೆ ಇದೆಯೇ ಎಂಬ ನಾಲ್ಕೇ ಸಂಗತಿ ಸಾಕು. ಉದಾಹರಣೆಗೆ 42 ವರ್ಷದ, ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ, ವ್ಯಾಯಾಮವಿಲ್ಲದ ಹೆಣ್ಣುಮಗಳೊಬ್ಬರು. ಸೊಂಟ 86 ಸೆಂ.ಮೀ., ತಾಯಿಗೆ ಶುಗರ್. ವಯಸ್ಸಿಗೆ 20, ಸೊಂಟಕ್ಕೆ 10, ಶ್ರಮವಿಲ್ಲದ್ದಕ್ಕೆ 30, ತಾಯಿಯ ಕಾಯಿಲೆಗೆ 10, ಒಟ್ಟು 70. ಅಂಕ 60 ಮುಟ್ಟಿದರೇ ಅಪಾಯ ಹೆಚ್ಚು ಎಂದರ್ಥ. ಇವರು ಶುಗರ್ ಪರೀಕ್ಷೆಯನ್ನು ಮುಂದೂಡುವಂತಿಲ್ಲ.

ಬಿ.ಪಿ. ಮನೆಯಲ್ಲೇ, ಸರಿಯಾಗಿ

ಮನೆಗೆ ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಅದು ಬಿ.ಪಿ. ಮಷೀನು ಆಗಲಿ. ರಕ್ತದೊತ್ತಡಕ್ಕೆ ಬಹಳ ಸಲ ಲಕ್ಷಣವೇ ಇರುವುದಿಲ್ಲ, ಅಳೆದರಷ್ಟೇ ಗೊತ್ತಾಗುತ್ತದೆ. ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಸುತ್ತುವ ಮಷೀನು ಒಳ್ಳೆಯದು. ಪಟ್ಟಿ ನಿಮ್ಮ ತೋಳಿನ ಗಾತ್ರಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಸುತ್ತಿ ನೋಡಿ. ಬಿಗಿಯಾದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ.

ನಮ್ಮಮ್ಮ ಒಲೆ ಮುಂದಿನಿಂದ ಎದ್ದು ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ತೋಳು ಚಾಚುತ್ತಿದ್ದರು. ನಾವು ಅಳೆಯುತ್ತಿದ್ದಾಗಲೇ ‘ಹಾಲು ಉಕ್ಕೀತು, ನೋಡೇ’ ಎಂದು ಮಾತು ಬೇರೆ. ಮೇಲಿನ ಅಂಕಿ 158 ಬಂದಾಗ ಮನೆಯವರೆಲ್ಲ ಗಾಬರಿ. ಐದು ನಿಮಿಷ ಸುಮ್ಮನೆ ಕೂರಿಸಿ ಅಳೆದರೆ 136. ಆದ್ದರಿಂದ ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಕಾಲು ಮೇಲೆ ಕಾಲು ಹಾಕದೆ ಐದು ನಿಮಿಷ ಕೂರಿ. ತೋಳು ಎದೆಮಟ್ಟದಲ್ಲಿ ಮೇಜಿನ ಮೇಲಿರಲಿ, ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಒಂದು ವಾರ ಅಳೆದು ಕ್ಯಾಲೆಂಡರಿನಲ್ಲೇ ಬರೆದಿಡಿ. ಮೊದಲ ದಿನದ ಅಂಕಿ ಬಿಟ್ಟು ಸರಾಸರಿ ತೆಗೆಯಿರಿ. ಅದು 135/85 ಮುಟ್ಟಿದರೆ ಆ ಪಟ್ಟಿಯ ಸಮೇತ ವೈದ್ಯರ ಬಳಿ ಹೋಗಿ.

ಟೆಸ್ಟಿನ ಸಂಖ್ಯೆಗೆ ಮರುಳಾಗಬೇಡಿ

ವರದಿಯಲ್ಲಿ ‘ನಾರ್ಮಲ್’ ಎಂದು ಕೊಡುವ ಅಳತೆ ಸಾಮಾನ್ಯವಾಗಿ ಆರೋಗ್ಯವಂತ 100 ಜನರಲ್ಲಿ 95 ಮಂದಿಯ ಅಂಕಿ ಬೀಳುವ ವ್ಯಾಪ್ತಿ. ಉಳಿದ ಐವರಿಗೆ ಕಾಯಿಲೆ ಇಲ್ಲದಿದ್ದರೂ ಅಂಕಿ ಹೊರಗೆ ಬೀಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಆರೋಗ್ಯವಂತರಿಗೂ ಒಂದಾದರೂ ಕೆಂಪಕ್ಷರ ಬರುವ ಸಾಧ್ಯತೆ ಶೇ 64. ಆಮೇಲೆ ಮತ್ತೊಂದು ಸ್ಕ್ಯಾನು, ನಿದ್ದೆಯಿಲ್ಲದ ರಾತ್ರಿಗಳು. ಲಕ್ಷಣವಿಲ್ಲದ ಹೆಂಗಸರಿಗೆ ‘ಕ್ಯಾನ್ಸರ್ ಮಾರ್ಕರ್’ ಎಂದು ಸೇರಿಸುವ ಸಿಎ-125 ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ತೊಂದರೆಯಿಲ್ಲದವರನ್ನು ಹಾಗೆ ತಪಾಸಣೆ ಮಾಡುವುದನ್ನು ತಜ್ಞರು ಒಪ್ಪುವುದಿಲ್ಲ.

30 ದಾಟಿದ ಹೆಚ್ಚಿನವರಿಗೆ ಬಿ.ಪಿ., ಶುಗರ್, ಕೊಲೆಸ್ಟ್ರಾಲ್‌ನಿಂದ ಆರಂಭಿಸಿದರೆ ಸಾಕು. ಜೊತೆಗೆ ಬಾಯಿಯ ತಪಾಸಣೆ, ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ. ಮಿಕ್ಕಿದ್ದನ್ನು ವೈದ್ಯರು ಹೇಳಲಿ. ಹೊಟ್ಟೆ ಖಾಲಿ ಇದ್ದಾಗ ಶುಗರ್ 126 ಅಥವಾ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆಯ ಸೂಚನೆ. ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಈ ಮಾತನ್ನು ವೈದ್ಯರಿಗೆ ನೆನಪಿಸಿ.

ಲ್ಯಾಬು, ವಾಚು, ಬಿಲ್ಲು

ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ, ನಿಮ್ಮ ಪರೀಕ್ಷೆ ಆ ಮಾನ್ಯತೆಯೊಳಗೆ ಬರುತ್ತದೆಯೇ ಎಂದು ಕೇಳಿ. ಮನೆಗೆ ಬಂದವರು ನಿಮ್ಮೆದುರೇ ಹೊಸ ಸೂಜಿ ಬಿಚ್ಚಲಿ, ಟ್ಯೂಬಿನ ಮೇಲೆ ನಿಮ್ಮ ಹೆಸರು ಅಲ್ಲೇ ಅಂಟಿಸಲಿ. ಉಪವಾಸದ ಪರೀಕ್ಷೆಯಾದರೂ ನೀರು ಕುಡಿಯಬಹುದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ, ಅದು ಥೈರಾಯ್ಡ್ ವರದಿಯನ್ನು ಕೆಡಿಸಬಲ್ಲದು.

ವಾಚಿನ ಇಸಿಜಿ ಎದೆಬಡಿತದ ತಾಳ ತಪ್ಪಿದ್ದನ್ನು ಹಿಡಿಯಬಲ್ಲದು, ಹೃದಯಾಘಾತವನ್ನಲ್ಲ. ಎದೆನೋವು ಬಂದಾಗ ವಾಚು ನೋಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ ಮುಂಜಾಗ್ರತಾ ತಪಾಸಣೆಯ ಖರ್ಚಿನಲ್ಲಿ, ಆರೋಗ್ಯ ವಿಮೆಗಿರುವ ತೆರಿಗೆ ವಿನಾಯಿತಿಯ ಮಿತಿಯೊಳಗೇ, 5,000 ರೂಪಾಯಿವರೆಗೆ ವಿನಾಯಿತಿ ಇದೆ. ನಗದು ಕೊಟ್ಟಿದ್ದರೂ ನಡೆಯುತ್ತದೆ, ರಸೀದಿ ಮಾತ್ರ ಜೋಪಾನ.

ದುಡ್ಡು ಕೊಡದೆಯೂ ದಾರಿಯಿದೆ. 30 ದಾಟಿದವರಿಗೆ ಬಿ.ಪಿ., ಶುಗರ್, ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಆಯುಷ್ಮಾನ್ ಆರೋಗ್ಯ ಮಂದಿರಗಳ ಕೆಲಸದ ಭಾಗ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಇದನ್ನು ಮನೆ ಬಾಗಿಲಿಗೆ ತರುವ ಪ್ರಯತ್ನ. ನಗರದಲ್ಲಿರುವವರಿಗೆ ‘ನಮ್ಮ ಕ್ಲಿನಿಕ್’ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ನಮಗೇನೂ ಆಗಿಲ್ಲಮ್ಮ’ ಎಂದು ಬಾಗಿಲಲ್ಲೇ ಕಳಿಸಬೇಡಿ. ಒಳಗೆ ಕರೆದು, ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಪರೀಕ್ಷೆ ಮಾಡಿಸಿಕೊಳ್ಳಿ.