ಬೆಕ್ಕಿನ ಇಂದ್ರಿಯಗಳು ಮತ್ತು ಆಹಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟದ ಮನೆಗಳಲ್ಲಿ ಆಷಾಢದ ಮಳೆ ಹಿಡಿದಾಗ, ಬಚ್ಚಲೊಲೆಯ ಬೆಚ್ಚನೆಯ ಬೂದಿಯ ಬಳಿ ಮೊದಲು ಜಾಗ ಹಿಡಿಯುವುದು ಬೆಕ್ಕೇ. ಕಾಲುಗಳನ್ನು ಎದೆಯಡಿ ಮಡಚಿ, ಅರೆಗಣ್ಣು ಮುಚ್ಚಿ ಅದು ಕುಳಿತಿರುವ ಠೀವಿಯನ್ನು ಕಂಡವರಿಗೆ ಮನೆಯ ಯಜಮಾನಿಕೆ ಯಾರದೆಂಬ ಸಂದೇಹ ಬರುವುದು ಸಹಜ. ಆದರೆ ಅಟ್ಟದ ಮೇಲೆ ಅಡಿಕೆಚೀಲಗಳ ನಡುವೆ ಸಣ್ಣ ಸಪ್ಪಳವಾದರೆ ಸಾಕು, ಒಂದು ಕಿವಿ ತಾನಾಗಿ ಅತ್ತ ಹೊರಳುವುದು.

ಮನುಷ್ಯನಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳಿಸಿದರೆ, ಬೆಕ್ಕಿಗೆ 60,000 ಕಂಪನಗಳ ಧ್ವನಿಯೂ ಕೇಳಿಸುತ್ತದೆ. ಇಲಿಗಳು ತಮ್ಮೊಳಗೆ ಹೊರಡಿಸುವ, ನಮ್ಮ ಕಿವಿಗೆ ನಿಲುಕದ ಕೀಚುಸ್ವರವೂ ಅದರಿಂದ ತಪ್ಪಿಸಿಕೊಳ್ಳಲಾರದು. ಕಣ್ಣಿನ ಅಕ್ಷಿಪಟಲದ ಹಿಂದಿರುವ ಕನ್ನಡಿಯಂತಹ ಪದರವು ಬೆಳಕನ್ನು ಮರಳಿಸುವುದರಿಂದ, ನಮಗೆ ಬೇಕಾಗುವ ಬೆಳಕಿನ ಸುಮಾರು ಆರರಲ್ಲಿ ಒಂದು ಪಾಲಿನಲ್ಲಿಯೇ ಅದು ಕಾಣಬಲ್ಲುದು. ಟಾರ್ಚಿನ ಬೆಳಕಿಗೆ ಆ ಕಣ್ಣು ಹೊಳೆಯುವುದೂ ಇದರಿಂದಲೇ. ಗಾಢಾಂಧಕಾರದಲ್ಲಿ ಮಾತ್ರ ಬೆಕ್ಕಿಗೂ ಏನೂ ಕಾಣದು. ಆಗ ಮೀಸೆಯೇ ದಾರಿ ತೋರಬೇಕು. ಮಕ್ಕಳು ಆಟಕ್ಕೆಂದು ಅದನ್ನು ಕತ್ತರಿಸುವುದು ಕುರುಡನ ಕೈಯ ಕೋಲನ್ನು ಕಸಿದಂತೆ.

ನಾಲಗೆಯ ವಿಷಯವೇ ಬೇರೆ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಅದನ್ನು ಗ್ರಹಿಸುವ ಒಂದು ಜೀನ್ ಅದರಲ್ಲಿ ಕೆಟ್ಟುಹೋಗಿದೆಯೆಂಬುದು 2005ರಲ್ಲಿ ಪ್ರಕಟವಾಯಿತು. ಮಾಂಸವನ್ನೇ ನಂಬಿದ ಪ್ರಾಣಿಗೆ ಸಿಹಿಯಿಂದೇನು ಪ್ರಯೋಜನ?

ಇಲ್ಲಿಯೇ ನಮ್ಮ ಸಸ್ಯಾಹಾರಿ ಮನೆಗಳಿಗೆ ತೊಡಕು ಎದುರಾಗುತ್ತದೆ. ಹಾಲನ್ನ, ಮಜ್ಜಿಗೆಯನ್ನಗಳನ್ನು ಪ್ರೀತಿಯಿಂದಲೇ ಬಡಿಸುತ್ತಾರೆ. ಆದರೆ ಟಾರಿನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಲ್ಲಿದೆ, ಅನ್ನದಲ್ಲಿಲ್ಲ. ಇದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ನಶಿಸುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ತೋಟದ ಮನೆಯ ಬೆಕ್ಕು ಹಾಲನ್ನ ಉಂಡೂ ಗಟ್ಟಿಯಾಗಿರುವುದು ಅಟ್ಟದ ಇಲಿಗಳ ಕೃಪೆಯಿಂದ. ಪೇಟೆಯ ಮನೆಯೊಳಗೆ ಬಾಗಿಲು ಮುಚ್ಚಿ ಸಾಕಿದ ಬೆಕ್ಕಿಗೆ ಆ ದಾರಿಯೂ ಇಲ್ಲ. ಅದಕ್ಕೆ ಮೀನನ್ನೋ, ಟಾರಿನ್ ಸೇರಿಸಿದ ಸಿದ್ಧ ಆಹಾರವನ್ನೋ ಕೊಡಲೇಬೇಕು. ಮನೆಯವರಿಗೆ ಇದು ಸಂಕೋಚದ ಸಂಗತಿಯೇ ಸರಿ. ಆದರೆ ನಮ್ಮ ವ್ರತವನ್ನು ಬೆಕ್ಕಿನ ಮೇಲೆ ಹೊರಿಸಿದರೆ ಅದರ ಕಣ್ಣು ದಂಡ ತೆರಬೇಕಾಗುತ್ತದೆ. ಹಾಲು ಕೂಡ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಜೀರ್ಣವಾಗದೆ ಭೇದಿಯಾಗುವುದುಂಟು. ಶುದ್ಧವಾದ ನೀರು ಸದಾ ಇರಲಿ.

ಇಲಿಪಾಷಾಣವನ್ನು ಇಡುವ ಮನೆಯಲ್ಲಿ ಬೆಕ್ಕನ್ನು ಸಾಕುವುದು ವಿಚಿತ್ರ ವಿರೋಧಾಭಾಸ. ವಿಷ ತಿಂದು ತೂರಾಡುವ ಇಲಿಯೇ ಅದಕ್ಕೆ ಸುಲಭದ ಬೇಟೆ. ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆಯನ್ನು ಕೊಡುವುದಂತೂ ಕೊಲೆಗೆ ಸಮಾನ. ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲುದು.

ಹುಚ್ಚುನಾಯಿ ಕಚ್ಚಿದ ಬೆಕ್ಕಿನಿಂದಲೂ ರೇಬೀಸ್ ಹರಡುತ್ತದೆಂಬುದನ್ನು ಅನೇಕರು ಅರಿಯರು. ಮರಿಗೆ ಮೂರು ತಿಂಗಳು ತುಂಬಿದಾಗ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸಬೇಕು. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಗಾಯಕ್ಕೆ ಸುಣ್ಣ, ಅರಿಶಿನಗಳನ್ನು ಮೆತ್ತದೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.